ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲವೇ?

ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗಲ್ಲೆಯ ಹಿಂದಿನ ಗೋಡೆಯ ಮೇಲೆ ಒಂದು ಫಲಕ ತೂಗುತ್ತಿರುವುದನ್ನು ಓದುಗರು ಕಂಡೇ ಇರುತ್ತಾರೆ. 'ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ' ಎಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಅದೇ ವಾಕ್ಯ ಬಿಲ್ಲಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರಗಳಲ್ಲಿಯೂ ಅಚ್ಚಾಗಿರುವುದುಂಟು. ಇದನ್ನು ಓದಿದ ಗ್ರಾಹಕನು ಇದೇನೋ ಸರಕಾರದ ಆಜ್ಞೆಯೇ ಇರಬೇಕೆಂದು ಭಾವಿಸಿ, ಸೋರುವ ನಲ್ಲಿಯನ್ನೂ ಹತ್ತದ ಸ್ವಿಚ್ಚನ್ನೂ ಮನೆಯ ಅಟ್ಟಕ್ಕೆ ಎಸೆದು ಸುಮ್ಮನಾಗುತ್ತಾನೆ. ಎರಡು ಮೂರು ನೂರು ರೂಪಾಯಿಗಳ ಮಾತಾದರೆ ಹಾಗೆ ಸುಮ್ಮನಿರುವುದು ಸಾಧ್ಯ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಇಂದು ಮಾರಾಟವಾಗುವುದು ಮೊಳೆ, ಚಿಲಕ, ಬೀಗಗಳಷ್ಟೇ ಅಲ್ಲ. ಮನೆ ಕಟ್ಟುವವನ ಸಿಮೆಂಟು ಕಬ್ಬಿಣ, ಬಡಗಿಯ ಕೊರೆಯುವ ಯಂತ್ರ, ರೈತನ ಕೊಳವೆ ಬಾವಿಯ ಮೋಟಾರು ಇವೆಲ್ಲವೂ ಅಲ್ಲಿಂದಲೇ ಬರತಕ್ಕವು. ಇವು ಕೆಟ್ಟರೆ ಮನೆಯ ಒಂದು ವರ್ಷದ ಲೆಕ್ಕಾಚಾರವೇ ಕೆಡುತ್ತದೆ.

ಆದುದರಿಂದ ಆ ಫಲಕದ ಮಾತಿಗೆ ಕಾಯಿದೆಯಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ನಮ್ಮ ಕುಟುಂಬಗಳು ತಿಳಿದಿರುವುದು ಒಳ್ಳೆಯದು. ನಮ್ಮ ಓದುಗರಲ್ಲಿ ಕೊಳ್ಳುವವರಿರುವಂತೆ ಗಲ್ಲೆಯ ಮೇಲೆ ಕುಳಿತು ಮಾರುವವರೂ ಅನೇಕರಿದ್ದಾರೆ. ಈ ಲೇಖನವನ್ನು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇವೆ.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರಲ್ಲಿ ಹೊಸ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಅದು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಅನುಚಿತ ವ್ಯಾಪಾರ ಪದ್ಧತಿಗಳು ಯಾವುವೆಂದು ಹೇಳುವಲ್ಲಿ ಈ ಕಾಯಿದೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂರು ಮಾತುಗಳನ್ನು ಆಡುತ್ತದೆ. ಮಾರಿದ ಸರಕಿಗೆ ಬಿಲ್ಲು ಕೊಡದಿರುವುದು ಅನುಚಿತ. ದೋಷವಿರುವ ಸರಕನ್ನು, ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನೇ ನಮೂದಿಸಿಲ್ಲವಾದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ. ಹಳೆಯದನ್ನು, ಬಳಸಿದ್ದನ್ನು, ದುರಸ್ತಿ ಮಾಡಿದ್ದನ್ನು ಹೊಸದೆಂದು ನಂಬಿಸಿ ಮಾರುವುದೂ ಅನುಚಿತ. ಗೋಡೆಯ ಮೇಲಿನ ಫಲಕ ಇವುಗಳಲ್ಲಿ ಯಾವುದನ್ನೂ ಅಳಿಸಲಾರದು.

ಇಲ್ಲಿ 'ದೋಷವಿರುವ' ಎಂಬ ಪದವನ್ನು ಗಮನವಿಟ್ಟು ಓದಬೇಕು. ಮನೆಗೆ ತಂದ ಮೇಲೆ ಬಣ್ಣ ಹಿಡಿಸಲಿಲ್ಲ, ಎರಡು ನಲ್ಲಿ ಹೆಚ್ಚಾದವು, ಭಾವನವರು ಬೇರೆ ಕಂಪನಿಯದೇ ಒಳ್ಳೆಯದೆಂದರು ಎಂಬ ಕಾರಣಗಳಿಗೆ ಮಾಲನ್ನು ಮರಳಿಸುವ ಹಕ್ಕನ್ನು ಕಾಯಿದೆ ಕೊಟ್ಟಿಲ್ಲ. ಅಂಗಡಿಯವರು ಅದನ್ನು ಹಿಂದಕ್ಕೆ ಪಡೆದರೆ ಅದು ಅವರ ಸೌಜನ್ಯ. ಮನೆ ಕಟ್ಟುವಾಗ ಪೈಪು, ಎಲ್ಬೋಗಳನ್ನು ಸ್ವಲ್ಪ ಹೆಚ್ಚಾಗಿಯೇ ಒಯ್ದು ಉಳಿದದ್ದನ್ನು ಮರಳಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ. ಅದು ಅಂಗಡಿಯವರ ಮತ್ತು ಗಿರಾಕಿಯ ನಡುವಿನ ವಿಶ್ವಾಸದಿಂದ ನಡೆಯುತ್ತಿರುವುದು. ಅದನ್ನು ಹಕ್ಕೆಂದು ವಾದಿಸಿದವರು ಆ ವಿಶ್ವಾಸವನ್ನೇ ಕಳೆದುಕೊಂಡಾರು.

ಇದಕ್ಕೂ ಹಳೆಯ ಕಾಯಿದೆಯೊಂದು ಇಂದಿಗೂ ಜೀವಂತವಾಗಿದೆ. ಅದು 1930ರ ಸರಕು ಮಾರಾಟ ಕಾಯಿದೆ. ಸಾಮಾನ್ಯರು ಇದನ್ನು ಓದುವುದು ಅಪರೂಪ. ಇದರ 16ನೆಯ ಕಲಮಿನಲ್ಲಿ ಪ್ರತಿ ಗೃಹಸ್ಥನೂ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಕೊಳ್ಳುವವನು ತನಗೆ ಯಾವ ಕೆಲಸಕ್ಕೆ ವಸ್ತು ಬೇಕೆಂಬುದನ್ನು ಅಂಗಡಿಯವನಿಗೆ ತಿಳಿಸಿ, ಅವನ ತಿಳಿವಳಿಕೆಯನ್ನೇ ನಂಬಿ ಕೊಂಡಿದ್ದರೆ, ಆ ವಸ್ತು ಆ ಕೆಲಸಕ್ಕೆ ತಕ್ಕದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ವ್ಯಾಪಾರದಲ್ಲಿ ಸೇರಿಕೊಳ್ಳುತ್ತದೆ. ಆದರೆ ಕೊಳ್ಳುವವನು 'ಇಂಥ ಕಂಪನಿಯ ಇಂಥ ಹೆಸರಿನದೇ ಕೊಡಿರಿ' ಎಂದು ವ್ಯಾಪಾರದ ಹೆಸರು ಹಿಡಿದು ಕೇಳಿದ್ದರೆ, ಕೆಲಸಕ್ಕೆ ತಕ್ಕದ್ದಾಗಿರಬೇಕೆಂಬ ಆ ಷರತ್ತು ಹುಟ್ಟುವುದಿಲ್ಲ. ಕೊಳವೆ ಬಾವಿ ಇಷ್ಟು ಅಡಿ ಆಳ, ನೀರು ಇಷ್ಟು ಅಡಿಗೆ ಸಿಗುತ್ತದೆ, ಹೊಲ ಇಷ್ಟು ಎತ್ತರದಲ್ಲಿದೆ, ಇದಕ್ಕೆ ತಕ್ಕ ಮೋಟಾರನ್ನು ನೀವೇ ನೋಡಿ ಕೊಡಿರಿ ಎಂದು ಕೇಳಿದ ರೈತನೂ, ನೆರೆಯವರು ತಂದ ಮೋಟಾರಿನ ಹೆಸರನ್ನೇ ಹೇಳಿ ತಂದ ರೈತನೂ ಕಾಯಿದೆಯ ಕಣ್ಣಿನಲ್ಲಿ ಒಂದೇ ಅಲ್ಲ. ಆಳ, ಎತ್ತರಗಳ ಲೆಕ್ಕವನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಂಡರೆ ಮತ್ತೂ ಉತ್ತಮ.

ಅದೇ ಕಾಯಿದೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ದೋಷ ಕಂಡ ಮೇಲೂ ಏನೂ ತಿಳಿಸದೆ ಬಹುದಿನ ವಸ್ತುವನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡಂತೆಯೇ ಎಣಿಸಲಾಗುತ್ತದೆ. ಆಮೇಲೆ ವಸ್ತುವನ್ನು ತಿರಸ್ಕರಿಸುವ ಹಕ್ಕು ಹೋಗಿ, ನಷ್ಟ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಆದುದರಿಂದ ದೋಷ ಕಂಡ ದಿನವೇ ತಿಳಿಸಬೇಕು. ಭಾರದ ವಸ್ತುವಾದರೆ ಅದನ್ನು ಹೊತ್ತೊಯ್ದು ಅಂಗಡಿಯ ಮುಂದೆ ಇಳಿಸಲೇಬೇಕೆಂದೇನೂ ಇಲ್ಲ. ತಿರಸ್ಕರಿಸುವ ಹಕ್ಕುಳ್ಳವನು 'ಇದನ್ನು ನಾನು ಒಪ್ಪುವುದಿಲ್ಲ' ಎಂದು ಮಾರಿದವನಿಗೆ ತಿಳಿಸಿದರೆ ಸಾಕು ಎನ್ನುತ್ತದೆ 43ನೆಯ ಕಲಮು. ಬಾಯಿಮಾತಿಗಿಂತ ಕಾಗದ ಮೇಲು. ಈಗ ಮೊಬೈಲಿನಲ್ಲಿ ಸಂದೇಶ ಕಳುಹಿಸಿದರೂ ದಿನಾಂಕ, ವೇಳೆ ಸಹಿತ ಸಾಕ್ಷಿ ಉಳಿಯುತ್ತದೆ.

ಮೋಟಾರು ಸುಟ್ಟಾಗ

ಹಾರ್ಡ್‌ವೇರ್ ಅಂಗಡಿಯ ಸರಕುಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಕೊಳವೆ ಬಾವಿಯ ಮೋಟಾರು ಎಂದರೆ ತಪ್ಪಾಗಲಾರದು. ನಮ್ಮ ಬಂಧುಗಳೊಬ್ಬರು ಬಯಲುಸೀಮೆಯ ರೈತರು. ಬೇಸಿಗೆ ಶೇಂಗಾ ಕಾಯಿ ಕಟ್ಟುವ ಸಮಯದಲ್ಲಿ, ಕೊಂಡು ಹನ್ನೆರಡು ದಿನವಾಗಿದ್ದ ಅವರ ಮೋಟಾರು ಸುಟ್ಟಿತು. ತಾಲ್ಲೂಕು ಊರಿನ ಅಂಗಡಿಗೆ ಹೋಗಿ, "ಸಾವಕಾರ್ರ, ಮೋಟಾರ ಸುಟ್ಟೈತ್ರಿ, ಇನ್ನೂ ಹದಿನೈದು ದಿನಾ ಆಗಿಲ್ಲ" ಎಂದರು. "ನಿಮ್ಮ ಕಡೀ ಕರೆಂಟೇ ಹಂಗೈತ್ರಿ ಗೌಡ್ರ, ಅದಕ್ಕ ನಾವೇನ ಮಾಡೂದು? ಕಂಪನಿಯವ್ರನ್ನ ಕೇಳ್ರಿ" ಎಂಬ ಉತ್ತರ ಬಂದಿತು. ಪಕ್ಕದಲ್ಲಿಯೇ ರಿವೈಂಡಿಂಗ್ ಮಾಡುವವನ ಅಂಗಡಿ. ಇಲ್ಲಿಯೇ ಬಿಚ್ಚಿ ಸುರುಳಿ ಸುತ್ತಿ ನಾಳೆ ಸಂಜೆಗೆ ಕೊಟ್ಟುಬಿಡುತ್ತೇನೆಂದು ಅವನ ಆಸೆ ತೋರಿಕೆ. ಹೊಲದಲ್ಲಿ ಬೆಳೆ ನೀರಿಗಾಗಿ ಕಾಯುತ್ತಿದೆ. ಇಂಥ ಹೊತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮೋಟಾರನ್ನು ಬಿಚ್ಚಿಸಿಯೇ ಬಿಡುತ್ತಾರೆ. ಬಿಚ್ಚಿಸಿದ ಗಳಿಗೆಗೆ ಅವರ ಹಕ್ಕಿನ ಸಾಕ್ಷಿಯೂ ಬಿಚ್ಚಿಹೋಗುತ್ತದೆ.

ಏಕೆಂದರೆ ಮೋಟಾರು ಏಕೆ ಸುಟ್ಟಿತು ಎಂಬುದನ್ನು ಅದರ ಸುರುಳಿಗಳೇ ಹೇಳುತ್ತವೆ. ಮೂರು ಫೇಸಿನ ಮೋಟಾರು ಓಡುತ್ತಿರುವಾಗ ಒಂದು ಫೇಸು ತಪ್ಪಿದರೆ ಉಳಿದವುಗಳ ಮೇಲೆ ಭಾರ ಬಿದ್ದು ವಿದ್ಯುತ್ತು ಹೆಚ್ಚು ಹರಿಯುತ್ತದೆ. ಆಗ ಜೋಡಣೆಗೆ ತಕ್ಕಂತೆ ಒಂದು ಅಥವಾ ಎರಡು ಫೇಸಿನ ಸುರುಳಿಗಳು ಪೂರ್ತಿಯಾಗಿ ಕಪ್ಪಾಗಿ, ಉಳಿದವು ಹೊಸದರಂತೆಯೇ ಇರುತ್ತವೆ. ವೋಲ್ಟೇಜು ಬಹಳ ಕಡಿಮೆಯಿದ್ದರೆ ಅಥವಾ ಶಕ್ತಿಗೆ ಮೀರಿದ ಭಾರ ಬಿದ್ದರೆ ಮೂರು ಫೇಸುಗಳೂ ಒಂದೇ ಸಮನಾಗಿ ಕರಕಲಾಗುತ್ತವೆ. ಇವೆರಡೂ ಸಾಮಾನ್ಯವಾಗಿ ಹೊರಗಿನ ಕಾರಣಗಳು. ಕಂಪನಿಯವರು ಇದನ್ನು ತೋರಿಸಿ ವಾರಂಟಿಯನ್ನು ನಿರಾಕರಿಸುತ್ತಾರೆ. ಆದರೆ ಸುರುಳಿಯ ಯಾವುದೋ ಒಂದೇ ಜಾಗದಲ್ಲಿ ತಂತಿಯ ಎರಡು ಸುತ್ತುಗಳ ನಡುವೆ ಹೊದಿಕೆ ಹರಿದು ಸುಟ್ಟು, ಸುತ್ತಲಿನದೆಲ್ಲ ಸ್ವಚ್ಛವಾಗಿದ್ದರೆ, ಅದು ತಂತಿ ಸುತ್ತುವಾಗಲೇ ಉಳಿದ ದೋಷವೆಂಬ ಶಂಕೆಗೆ ಬಲವಾದ ಆಧಾರ ದೊರೆಯುತ್ತದೆ. ಹೊಸ ಮೋಟಾರು ಕೆಲವೇ ದಿನಗಳಲ್ಲಿ ಸುಟ್ಟಿದ್ದರಂತೂ ಇದನ್ನು ನೋಡಲೇಬೇಕು.

ಮೋಟಾರನ್ನು ಬಿಚ್ಚಬಾರದು, ಬಿಚ್ಚುವುದಾದರೆ ಕಂಪನಿಯ ದುರಸ್ತಿ ಕೇಂದ್ರದಲ್ಲಿ ತನ್ನ ಕಣ್ಣೆದುರಿಗೇ ಬಿಚ್ಚಬೇಕು ಎಂಬುದು ನಮ್ಮ ಬಂಧುಗಳ ಪಟ್ಟು. ಅವರ ಮಗ ಜೊತೆಗೆ ಹೋಗಿ, ಮೈಮೇಲಿನ ತಗಡಿನಲ್ಲಿದ್ದ ಕ್ರಮಾಂಕ, ಮುರಿಯದಿದ್ದ ಮೊಹರು, ಬಿಚ್ಚಿದ ಮೇಲೆ ಕಂಡ ಸುರುಳಿ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ. ಒಂದೇ ಜಾಗದಲ್ಲಿ ಸುಟ್ಟ ಗುರುತಿದ್ದುದು ಎಲ್ಲರಿಗೂ ಕಾಣುವಂತಿತ್ತು. ವಾದಕ್ಕೆ ಎಡೆಯೇ ಇರಲಿಲ್ಲ. ಬದಲಿ ಮೋಟಾರು ಬರಲು ಒಂದು ವಾರ ಹಿಡಿಯಿತು. ಅಲ್ಲಿಯವರೆಗೆ ನೆರೆಹೊಲದ ಅಣ್ಣನವರು ರಾತ್ರಿ ಪಾಳಿಯ ನೀರನ್ನು ಬಿಟ್ಟುಕೊಟ್ಟರು. ಆದರೂ ಹೊಲದ ಮೇಲಿನ ಮೂಲೆಯಲ್ಲಿ ನಾಲ್ಕಾರು ಗುಂಟೆ ಬೆಳೆ ಬಾಡಿತು. ಮೋಟಾರು ಎತ್ತಿ ಇಳಿಸಿದ ಕೂಲಿಯೂ ಅವರ ತಲೆಯ ಮೇಲೆಯೇ ಬಿದ್ದಿತು. ವಾರಂಟಿ ಕಾರ್ಡಿನಲ್ಲಿ ಅದು ಸೇರಿಲ್ಲವೆಂದು ಮೊದಲೇ ಬರೆದಿತ್ತು. ಬೆಳೆಯ ನಷ್ಟಕ್ಕಾಗಿ ಆಯೋಗಕ್ಕೆ ಹೋಗಬಹುದಿತ್ತು. ಸುಗ್ಗಿಯ ಕಾಲದಲ್ಲಿ ಅವರು ಹೋಗಲಿಲ್ಲ. ಅದಕ್ಕಾಗಿ ನಾವು ಅವರನ್ನು ಆಕ್ಷೇಪಿಸಲಾರೆವು.

ನ್ಯಾಯವಾಗಿ ಹೇಳುವುದಾದರೆ ಅಂಗಡಿಯವರ ಮಾತಿನಲ್ಲಿಯೂ ಎಷ್ಟೋ ಸಲ ಹುರುಳಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮೂರು ಫೇಸಿನ ಮೋಟಾರನ್ನು ಕಂಡೆನ್ಸರ್ ಹಾಕಿ ಎರಡೇ ಫೇಸಿನ ಮೇಲೆ ಓಡಿಸುವ ರೂಢಿಯುಂಟು. ನೀರು ತುಂಬಿ ಇಳಿಸಬೇಕಾದ ಮೋಟಾರಿಗೆ ಶುದ್ಧ ನೀರನ್ನು ತುಂಬದೆಯೇ ಇಳಿಸುವವರಿದ್ದಾರೆ. ಬಾವಿಯಲ್ಲಿ ನೀರು ಇಳಿದರೂ ಒಣಗಾಳಿಯಲ್ಲಿಯೇ ಓಡಿಸಿ ಬೇರಿಂಗು ಸವೆಸಿದ ಮೇಲೆ 'ಮಾಲೇ ಸರಿಯಿಲ್ಲ' ಎನ್ನುವುದು ಸಲ್ಲದು. ಫೇಸು ತಪ್ಪಿದರೆ ಮೋಟಾರನ್ನು ತಾನೇ ನಿಲ್ಲಿಸುವ ಸಲಕರಣೆ ಪ್ಯಾನಲ್ ಬೋರ್ಡಿನಲ್ಲಿರುತ್ತದೆ. ಅದನ್ನು ತಪ್ಪಿಸಿ ನೇರ ಜೋಡಿಸಿದವರು ವಾರಂಟಿಯನ್ನು ಮರೆಯುವುದೇ ಲೇಸು.

ಇನ್ನು ರೈತನು ಗ್ರಾಹಕನೇ ಅಲ್ಲ, ಅವನು ಕೊಳ್ಳುವುದು ವ್ಯಾಪಾರಕ್ಕಾಗಿ ಎಂಬ ವಾದವನ್ನು ಕೆಲವು ಕಂಪನಿಗಳು ಹೂಡುವುದುಂಟು. ಬೀಜದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರೈತರು ಗ್ರಾಹಕರೇ ಎಂದು ಸ್ಪಷ್ಟವಾಗಿ ತೀರ್ಪಿತ್ತಿದೆ. ತನ್ನ ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೆಂದು ಯಂತ್ರ ಕೊಂಡ ಬಡಗಿ, ಪ್ಲಂಬರ್, ಕಮ್ಮಾರರೂ ಗ್ರಾಹಕರೇ ಎಂದು ಕಾಯಿದೆಯಲ್ಲಿಯೇ ವಿವರಣೆಯಿದೆ. ಮರುಮಾರಾಟಕ್ಕೆಂದು ಅಥವಾ ವಾಣಿಜ್ಯ ಉದ್ದೇಶಕ್ಕೆಂದು ಕೊಂಡವರು ಇದರ ಹೊರಗಿನವರು.

ಅಂಗಡಿಯಲ್ಲಿಯೇ ನೋಡಬೇಕಾದದ್ದು

ಮರಳಿಸುವ ಪ್ರಸಂಗವೇ ಬಾರದಂತೆ ಕೊಳ್ಳುವುದು ಎಲ್ಲಕ್ಕಿಂತ ಸುಲಭ. ಬಲ್ಬನ್ನು ಕೊಡುವ ಮೊದಲು ಹಚ್ಚಿ ತೋರಿಸುವ ಒಳ್ಳೆಯ ಪದ್ಧತಿ ನಮ್ಮ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಲಾಗಾಯ್ತಿನಿಂದ ಇದೆ. ಡ್ರಿಲ್, ಗ್ರೈಂಡರ್, ಸಣ್ಣ ಪಂಪುಗಳನ್ನೂ ಹಾಗೆಯೇ ಅಂಗಡಿಯಲ್ಲಿಯೇ ಓಡಿಸಿ ನೋಡಬೇಕು. ಪರೀಕ್ಷಿಸಿ ಕೊಂಡ ವಸ್ತುವಿನಲ್ಲಿ ಆ ಪರೀಕ್ಷೆಗೆ ಕಾಣಬೇಕಾಗಿದ್ದ ದೋಷದ ಬಗ್ಗೆ ಆಮೇಲೆ ದೂರುವಂತಿಲ್ಲ ಎಂದು ಹಳೆಯ ಕಾಯಿದೆ ಹೇಳುತ್ತದೆಯಾದ್ದರಿಂದ, ನೋಡುವುದನ್ನು ನೆಪಕ್ಕೆ ನೋಡಬಾರದು.

ಸಿಮೆಂಟಿನ ಚೀಲದ ಮೇಲೆ ಅದನ್ನು ತುಂಬಿದ ವಾರ ಅಥವಾ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ ಸಿಮೆಂಟನ್ನು ಮರುಪರೀಕ್ಷೆ ಇಲ್ಲದೆ ಬಳಸಬಾರದು. ಕೈಯಲ್ಲಿ ಹಿಡಿದು ಒತ್ತಿದರೂ ಒಡೆಯದ ಗಂಟುಗಳಿದ್ದರೆ ಅದು ಗಾಳಿಯ ತೇವವನ್ನು ಹೀರಿ ಆಗಲೇ ಗಟ್ಟಿಯಾಗತೊಡಗಿದೆ ಎಂದರ್ಥ. ಚೀಲವನ್ನು ಇಳಿಸುವಾಗಲೇ ನೋಡಿ ಗಾಡಿಯವನೊಂದಿಗೇ ಹಿಂದಕ್ಕೆ ಕಳುಹಿಸಬೇಕು. ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲವನ್ನು ಕಳೆದ ಚೀಲವನ್ನು ಮರಳಿಸಲು ಹೋದರೆ ಯಾರೂ ತೆಗೆದುಕೊಳ್ಳರು, ತೆಗೆದುಕೊಳ್ಳಲೂ ಬಾರದು.

ವೈರಿನ ಸುರುಳಿ ಸಾಮಾನ್ಯವಾಗಿ 90 ಮೀಟರಿನದು. ಕತ್ತರಿಸುವ ಮೊದಲೇ ಅದರ ಮೇಲಿನ ಐ.ಎಸ್.ಐ. ಗುರುತು, ಗುರುತಿನ ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆಗಳನ್ನು ಓದಬೇಕು. ಗುರುತು ಮಾತ್ರವಿದ್ದು ಸಂಖ್ಯೆಯಿಲ್ಲದಿದ್ದರೆ ಅದು ನಕಲಿಯಿರುವ ಸಂಭವ ಹೆಚ್ಚು. ಭಾರತೀಯ ಮಾನಕ ಬ್ಯೂರೋದವರು 'ಬಿ.ಐ.ಎಸ್. ಕೇರ್' ಎಂಬ ಮೊಬೈಲ್ ಸೌಲಭ್ಯವನ್ನು ಉಚಿತವಾಗಿ ಒದಗಿಸಿದ್ದಾರೆ. ಅದರಲ್ಲಿ ಈ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರದು, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಕೆಲಸವಿದು. ಮನೆಯ ಮಕ್ಕಳಿಗೆ ಹೇಳಿದರೆ ಅವರೇ ಮಾಡಿಯಾರು.

ಬಿಲ್ಲಿನ ವಿಷಯ ಎಷ್ಟು ಹೇಳಿದರೂ ಸಾಲದು. 'ಬಿಲ್ಲು ಬೇಡವಾದರೆ ತೆರಿಗೆ ಉಳಿಯುತ್ತದೆ' ಎಂಬ ಮಾತಿಗೆ ಒಪ್ಪಿ ಬಿಳಿ ಚೀಟಿಯ ಮೇಲೆ ಲೆಕ್ಕ ಬರೆಯಿಸಿಕೊಂಡು ಬಂದವರು, ಉಳಿಸಿದ ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುವ ಬಾಗಿಲನ್ನು ತಾವೇ ತೆರೆದಂತೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು, ದಿನಾಂಕ, ವಸ್ತುವಿನ ಕ್ರಮಾಂಕ ಮೂರನ್ನೂ ಅಲ್ಲಿಯೇ ತುಂಬಿಸಿಕೊಳ್ಳಬೇಕು. ಬಿಲ್ಲಿನ ಅಕ್ಷರಗಳು ಒಂದೆರಡು ವರ್ಷಗಳಲ್ಲಿ ಮಾಸಿಹೋಗುವ ಕಾಗದ ಈಗ ಬಂದಿದೆ. ಅಂಥದನ್ನು ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ತಯಾರಿಸಿದವರ ಹೆಸರೇ ಇಲ್ಲದ ಅಗ್ಗದ ಮಾಲುಗಳ ಬಗ್ಗೆ ವರ್ತಕರಿಗೂ ಒಂದು ಮಾತು. ಇಂಥ ಮಾಲಿನಿಂದ ಯಾರಿಗಾದರೂ ವಿದ್ಯುತ್ ತಗುಲಿ ಅಪಾಯವಾದರೆ, ತಯಾರಕನು ಯಾರೆಂದೇ ತಿಳಿಯದಿದ್ದಾಗ, 2019ರ ಕಾಯಿದೆಯು ಮಾರಿದವನನ್ನೇ ಹೊಣೆಗಾರನನ್ನಾಗಿ ಮಾಡುತ್ತದೆ.

ಬಳಸಿ ಮರಳಿಸುವವರು

ಗ್ರಾಹಕರ ಹಕ್ಕಿನ ಮಾತಾಡುವಾಗ ಮರೆಮಾಚಬಾರದ ಒಂದು ಸಂಗತಿಯುಂಟು. ಹೊಸಮನೆಯ ಪರದೆಯ ಕೋಲು ಹಾಕಲು ಒಂದು ಡ್ರಿಲ್ ಯಂತ್ರವನ್ನು ತಂದು, ಎರಡು ದಿನ ಗೋಡೆಗಳನ್ನೆಲ್ಲ ಕೊರೆದು, ಮೂರನೆಯ ದಿನ ಧೂಳು ಒರೆಸಿ ಡಬ್ಬಿಯಲ್ಲಿಟ್ಟು 'ಇದು ಸರಿಯಾಗಿ ಓಡುವುದಿಲ್ಲ' ಎಂದು ಮರಳಿಸುವವರು ನಮ್ಮ ನಡುವೆಯೇ ಇದ್ದಾರೆ. ಇವರನ್ನು ಜಾಣರೆಂದು ಹೊಗಳುವುದನ್ನೂ ಕೇಳಿದ್ದೇವೆ. ಆ ಯಂತ್ರ ಮುಂದೆ ಏನಾಗುತ್ತದೆ? ಅಂಗಡಿಯವನು ಅದನ್ನು ಕಂಪನಿಗೆ ಕಳುಹಿಸಿದರೆ, ದೋಷವಿಲ್ಲವೆಂದು ಅವರು ಹಾಗೆಯೇ ಹಿಂದಿರುಗಿಸುತ್ತಾರೆ. ಆಗ ಅವನಿಗೆ ಉಳಿಯುವ ದಾರಿಗಳು ಎರಡು: ನಷ್ಟವನ್ನು ತಾನೇ ನುಂಗುವುದು, ಇಲ್ಲವೆ ಡಬ್ಬಿಗೆ ಹೊಸ ಅಂಟುಪಟ್ಟಿ ಹಚ್ಚಿ ಇನ್ನೊಬ್ಬ ಅಮಾಯಕನಿಗೆ ಹೊಸದೆಂದೇ ಮಾರುವುದು. ಎರಡನೆಯದನ್ನು ಕಾಯಿದೆ ಅನುಚಿತವೆಂದು ಕರೆಯುತ್ತದೆ ಎಂಬುದನ್ನು ಮೇಲೆ ಹೇಳಿದ್ದೇವೆ. ಗೋಡೆಯ ಮೇಲಿನ ಆ ಕಠೋರ ಫಲಕ ಹುಟ್ಟಿದುದರಲ್ಲಿ ಇಂಥ ಗಿರಾಕಿಗಳ ಪಾಲೂ ಇದೆ. ಎರಡು ದಿನದ ಕೆಲಸಕ್ಕೆ ಡ್ರಿಲ್, ಏಣಿ, ಕಾಂಕ್ರೀಟು ಕುಲುಕುವ ಯಂತ್ರ ಎಲ್ಲವೂ ಇಂದು ಬಹುತೇಕ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ.

ಮೊಬೈಲಿನಲ್ಲಿ ತರಿಸಿದ ಸಾಮಾನುಗಳಿಗೆ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ. ದೋಷವಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ ಮಾರಿದವರು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಡಬ್ಬಿಯನ್ನು ಬಿಚ್ಚುವಾಗಲೇ ಚಿತ್ರೀಕರಿಸಿಕೊಂಡರೆ ವಾದಕ್ಕೆ ಅನುಕೂಲ.

ಅಂಗಡಿಯವರು ಏನು ಹೇಳಿದರೂ ಕೇಳದಿದ್ದಾಗ, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ದೂರು ಕೊಡಬಹುದು. ಅಲ್ಲಿಂದ ಕಂಪನಿಗೆ ಸುದ್ದಿ ಹೋಗಿ ಹಲವು ದೂರುಗಳು ಮೊಕದ್ದಮೆಯಿಲ್ಲದೆಯೇ ತೀರುತ್ತವೆ. ತೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಮೊದಲು ಮಾರಿದವನ ಊರಿಗೇ ಹೋಗಿ ದಾವೆ ಹೂಡಬೇಕಾಗುತ್ತಿತ್ತು. 2019ರ ಕಾಯಿದೆಯ ಮೇಲೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಯಂತ್ರಕ್ಕೆ ಗದಗಿನವರು ಗದಗಿನಲ್ಲಿಯೇ ದೂರು ಕೊಡಬಹುದೆಂದರ್ಥ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕಣ್ಣಿಗೆ ಕಾಣದ ದೋಷವಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸುತ್ತದೆ. ವಸ್ತುವನ್ನು ಬಿಚ್ಚದೆ, ಬಿಸಾಡದೆ ಇಟ್ಟುಕೊಂಡಿರಬೇಕೆಂದು ನಾವು ಒತ್ತಿ ಹೇಳಿದುದು ಇದಕ್ಕಾಗಿಯೇ. ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳಿದರೂ ಹಲವು ಕಡೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಾವು ಬಲ್ಲೆವು.

ವರ್ತಕ ಬಂಧುಗಳಿಗೆ ನಮ್ಮ ಸೂಚನೆ ಇಷ್ಟೇ. ಹಳೆಯ ಫಲಕವನ್ನು ಇಳಿಸಿ, ಅದರ ಹಿಂಬದಿಯಲ್ಲಿ ಹೀಗೆ ಬರೆಯಿಸಿ ಮತ್ತೆ ತೂಗುಹಾಕಬಹುದು: 'ದೋಷವಿರುವ ಮಾಲನ್ನು ಬಿಲ್ಲಿನೊಂದಿಗೆ 30 ದಿನಗಳೊಳಗೆ ತಂದರೆ ಬದಲಾಯಿಸಿ ಅಥವಾ ಹಣ ಮರಳಿಸಿ ಕೊಡಲಾಗುವುದು. ಉಳಿದ ಪೈಪು ಫಿಟ್ಟಿಂಗುಗಳನ್ನು ಬಳಸದೆ, ಅಂಟು ಹಚ್ಚದೆ ತಂದರೆ 15 ದಿನಗಳವರೆಗೆ ಪಡೆಯಲಾಗುವುದು. ಗಿರಾಕಿಯ ಇಚ್ಛೆಯಂತೆ ಕತ್ತರಿಸಿದ ವೈರು, ಬೆರೆಸಿದ ಬಣ್ಣಗಳನ್ನು ದೋಷವಿಲ್ಲದಿದ್ದಲ್ಲಿ ಪಡೆಯಲಾಗುವುದಿಲ್ಲ.' ಊರಿನ ಪೇಂಟರಿಗೆ ಹೇಳಿದರೆ ಇದು ಅರ್ಧ ದಿನದ ಕೆಲಸ.